ಫಾರ್ಮ್ಯಾಟ್ ಮಾಡಿಸುವ ಮುನ್ನ ಎರರ್ ಓದಿ

ಸಂಪಾದಕರಿಗೆ,

ಮಾನ್ಯರೇ,

ಚಿತ್ರ ಅಳೆಯುವ ವೈಜ್ಞಾನಿಕ ಸಾಫ್ಟ್‌ವೇರ್ ಕೆಲಸದ ನಡುವೆ ತಾನಾಗಿಯೇ ಮುಚ್ಚಿಕೊಂಡರೆ ನಮ್ಮ ಕಡೆ ಮೊದಲು ಸಿಗುವ ಸಲಹೆ ‘ಸಿಸ್ಟಂ ಫಾರ್ಮ್ಯಾಟ್ ಮಾಡಿಸಿ’ ಎಂಬುದು. ಅದಕ್ಕೂ ಬಗ್ಗದಿದ್ದರೆ ‘ಗ್ರಾಫಿಕ್ಸ್ ಕಾರ್ಡ್ ಹಾಕಿಸಿ’, ಕೊನೆಗೆ ‘ಹೊಸ ಕಂಪ್ಯೂಟರೇ ತಗೊಳ್ಳಿ’. ದಾವಣಗೆರೆ, ಚಿತ್ರದುರ್ಗದ ವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ನಾವು ಹೇಳುವುದಿಷ್ಟು: ಫಾರ್ಮ್ಯಾಟ್ ಮಾಡಿದರೆ ತೊಂದರೆಯ ಕಾರಣ ಬರೆದಿಟ್ಟ ಕಡತವೇ ಮೊದಲು ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳು ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದ ಮೂಲ ಚಿತ್ರಗಳೂ ಅದರ ಜೊತೆ ಹೋಗುತ್ತವೆ. ಚನ್ನಗಿರಿ ಕಡೆಯ ತೋಟದಿಂದ ತಂದ ಎಲೆಚುಕ್ಕೆ ರೋಗದ ಅಡಿಕೆ ಗರಿಯ ಫೋಟೊ ಕಳೆದರೆ ಇನ್ನೊಂದು ಗರಿ ತರಬಹುದು, ಆದರೆ ಹೋದ ಹಂಗಾಮಿನ ಗರಿ ಸಿಗುವುದಿಲ್ಲ.

ನಮ್ಮ ಲ್ಯಾಬ್‌ಗಳಲ್ಲಿ ಓಡುವುದು ಬಹುತೇಕ ಇಮೇಜ್‌ಜೆ, ಅದಕ್ಕೇ ಪ್ಲಗಿನ್‌ಗಳನ್ನು (ಹೆಚ್ಚುವರಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂಗಳನ್ನು) ಸೇರಿಸಿ ಕಟ್ಟಿದ ಫಿಜಿ, ಮತ್ತು ಪ್ಯಾಥಾಲಜಿ ಸ್ಲೈಡ್‌ಗಳಿಗಾಗಿ ಕ್ಯೂಪಾಥ್. ಇಮೇಜ್‌ಜೆಯನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ 1997ರಲ್ಲಿ ಹೊರತಂದರು. ದಾವಣಗೆರೆ ಜಿಲ್ಲೆಯಾದದ್ದೂ ಅದೇ ವರ್ಷ. ಕ್ಯೂಪಾಥ್ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಮೂರೂ ಉಚಿತ, ಮೂರೂ ಜಾವಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯ ಮೇಲೆ ಓಡುತ್ತವೆ. ಹಾಗಾಗಿ ಬೀಳುವ, ಅಂದರೆ ಕ್ರ್ಯಾಶ್ ಆಗಿ ಮುಚ್ಚಿಕೊಳ್ಳುವ ರೀತಿಯೂ ಹೆಚ್ಚುಕಡಿಮೆ ಒಂದೇ.

ಏನನ್ನೂ ಮುಟ್ಟುವ ಮೊದಲು ಅದು ಯಾವಾಗ ಬೀಳುತ್ತದೆ ಎಂಬುದನ್ನು ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಡಿ. ಅರ್ಧ ಉತ್ತರ ಅಲ್ಲೇ ಇದೆ. ಒಂದೇ ಚಿತ್ರ ತೆರೆದಾಗಲೆಲ್ಲ ಬೀಳುತ್ತಿದ್ದರೆ ಆ ಚಿತ್ರದ ಕಡತದ ಮೇಲೆ ಅನುಮಾನ ಇಡಿ. ಯಾವ ಚಿತ್ರವಾದರೂ ಸರಿ, ಪ್ರತಿ ಸಲವೂ ಸುಮಾರು ಅಷ್ಟೇ ಸಂಖ್ಯೆಯ ಚಿತ್ರಗಳಾದ ಮೇಲೆ ಬೀಳುತ್ತಿದ್ದರೆ ಮೆಮೊರಿ ತುಂಬುತ್ತಿದೆ. ಒಂದು ನಿರ್ದಿಷ್ಟ ಮೆನು ಒತ್ತಿದಾಗ ಮಾತ್ರ ಆದರೆ ಪ್ಲಗಿನ್ ಇಲ್ಲವೇ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಮೂಡಿಸುವ ಯಂತ್ರಭಾಗವನ್ನು ನಡೆಸುವ ಸಾಫ್ಟ್‌ವೇರ್) ಕಾರಣ. ಹೊತ್ತುಗೊತ್ತಿಲ್ಲದೆ ಬೀಳುತ್ತಾ, ಬ್ರೌಸರ್ ಮತ್ತು ವರ್ಡ್ ಕೂಡ ಆಗಾಗ ಮುಚ್ಚಿಕೊಳ್ಳುತ್ತಿದ್ದರೆ ಸಾಫ್ಟ್‌ವೇರನ್ನು ಬಿಟ್ಟು ರ್ಯಾಮ್, ಡಿಸ್ಕ್, ಶಾಖ, ಕರೆಂಟು ಇವುಗಳ ಕಡೆ ತಿರುಗಿ. ಇನ್ನು, ‘ನಾಟ್ ರೆಸ್ಪಾಂಡಿಂಗ್’ ಎಂದು ತೋರಿಸಿದ್ದೆಲ್ಲ ಕ್ರ್ಯಾಶ್ ಅಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಶೇ 100ರಲ್ಲಿ ನಿಂತಿದ್ದರೆ ಪ್ರೋಗ್ರಾಂ ಇನ್ನೂ ಕೆಲಸ ಮಾಡುತ್ತಿರಬಹುದು. ಕಾಯದೆ ‘ಎಂಡ್ ಟಾಸ್ಕ್’ ಒತ್ತಿದರೆ ಉಳಿಸದ ಅಳತೆಗಳೆಲ್ಲ ಹೋದವು.

ಮೆಮೊರಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಾವು ನೋಡುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ‘ಫೈಲ್ ಬರೀ 6 ಎಂಬಿ ಇದೆ, ಕಂಪ್ಯೂಟರಿನಲ್ಲಿ 8 ಜಿಬಿ ರ್ಯಾಮ್ ಇದೆ, ಆದರೂ ಯಾಕೆ?’ ಎಂದು ಕೇಳುತ್ತಾರೆ. ಜೆಪೆಗ್ ಕಡತ ಚೀಲಕ್ಕೆ ತುಂಬಿಟ್ಟ ಮೆಕ್ಕೆಜೋಳ, ತೆರೆದ ಚಿತ್ರ ಕಣದಲ್ಲಿ ಹರವಿದ ಮೆಕ್ಕೆಜೋಳ. ರ್ಯಾಮ್‌ನಲ್ಲಿ ಬೇಕಾಗುವ ಜಾಗಕ್ಕೆ ಕಡತದ ಗಾತ್ರ ಲೆಕ್ಕಕ್ಕಿಲ್ಲ. ಅಗಲ ಗುಣಿಸು ಎತ್ತರ ಗುಣಿಸು ಒಂದು ಪಿಕ್ಸೆಲ್‌ಗೆ ಎಷ್ಟು ಬೈಟ್ ಎಂಬುದೇ ಲೆಕ್ಕ. ಇಮೇಜ್‌ಜೆಯಲ್ಲಿ 8 ಬಿಟ್ ಕಪ್ಪುಬಿಳುಪು ಚಿತ್ರಕ್ಕೆ ಪಿಕ್ಸೆಲ್‌ಗೆ 1 ಬೈಟ್, 16 ಬಿಟ್‌ಗೆ 2, ಬಣ್ಣದ ಆರ್‌ಜಿಬಿ ಚಿತ್ರಕ್ಕೆ 4, 32 ಬಿಟ್‌ಗೂ 4. 20 ಮೆಗಾಪಿಕ್ಸೆಲ್ ಕ್ಯಾಮೆರಾದ 5472 × 3648 ಫೋಟೊ ತೆರೆದಾಗ ಸುಮಾರು 80 ಎಂಬಿ. 48 ಮೆಗಾಪಿಕ್ಸೆಲ್ ಮೊಬೈಲಿನ 8000 × 6000 ಫೋಟೊ 192 ಎಂಬಿ. ಒಂದು ಫಿಲ್ಟರ್ ಹಾಕಿದರೆ ‘ಅನ್‌ಡು’ ಮಾಡಲು ಬೇಕೆಂದು ಇನ್ನೊಂದು ಪ್ರತಿ ಉಳಿಯುತ್ತದೆ, ಅಲ್ಲಿಗೆ ಎರಡರಷ್ಟು.

ಮೆಟೀರಿಯಲ್ಸ್ ವಿಭಾಗದವರು ಎಫ್‌ಎಫ್‌ಟಿ (ಚಿತ್ರದಲ್ಲಿ ಮರುಕಳಿಸುವ ವಿನ್ಯಾಸವನ್ನು ಹುಡುಕುವ ಗಣಿತ) ಮಾಡುವಾಗ ಇನ್ನೊಂದು ಅನಿರೀಕ್ಷಿತ ಹೊರೆ ಬೀಳುತ್ತದೆ. ಇಮೇಜ್‌ಜೆ ಚಿತ್ರವನ್ನು ಮುಂದಿನ ಎರಡರ ಘಾತಕ್ಕೆ ಹಿಗ್ಗಿಸುತ್ತದೆ. 5472 ಅಗಲದ ಚಿತ್ರ 8192 × 8192 ಚೌಕವಾಗಿ, 32 ಬಿಟ್‌ನಲ್ಲಿ ಸುಮಾರು 268 ಎಂಬಿ ಹಿಡಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಪದರ ಪದರವಾಗಿ ತೆಗೆದ ಸ್ಟ್ಯಾಕ್ ಆದರೆ ಗುಣಾಕಾರ ಇನ್ನೂ ಬೇಗ ಬೆಳೆಯುತ್ತದೆ: 5 ಮೆಗಾಪಿಕ್ಸೆಲ್ ಕ್ಯಾಮೆರಾದ 2592 × 1944 ಬಣ್ಣದ ಚಿತ್ರ ಒಂದಕ್ಕೆ 20 ಎಂಬಿ, ಅಂಥ 50 ಪದರಕ್ಕೆ 1 ಜಿಬಿ.

ಇಷ್ಟು ತಿಳಿದ ಮೇಲೆ ಫಿಜಿಗೆ ಎಷ್ಟು ಮೆಮೊರಿ ಕೊಟ್ಟಿದೆ ನೋಡಿ: ‘ಎಡಿಟ್ – ಆಪ್ಷನ್ಸ್ – ಮೆಮೊರಿ ಅಂಡ್ ಥ್ರೆಡ್ಸ್’. ಒಟ್ಟು ರ್ಯಾಮ್‌ನ ಮುಕ್ಕಾಲು ಭಾಗ ಸಾಕು. 8 ಜಿಬಿ ಯಂತ್ರದಲ್ಲಿ 6000 ಎಂಬಿ ಬರೆಯಿರಿ, ಬ್ರೌಸರ್ ಮುಚ್ಚಿ, ಫಿಜಿಯನ್ನು ಒಮ್ಮೆ ಮುಚ್ಚಿ ತೆರೆಯಿರಿ; ಮುಚ್ಚಿ ತೆರೆಯದೆ ಹೊಸ ಸಂಖ್ಯೆ ಜಾರಿಗೆ ಬರುವುದಿಲ್ಲ. ದುರಾಸೆಯಿಂದ 8000 ಬರೆದರೆ ವಿಂಡೋಸ್‌ಗೆ ಜಾಗವಿಲ್ಲದೆ ಎಲ್ಲವೂ ಹಾರ್ಡ್ ಡಿಸ್ಕಿಗೆ ಹೋಗಿ ಬಂದು ಯಂತ್ರ ತೆವಳತೊಡಗುತ್ತದೆ. ಸಂಖ್ಯೆಯನ್ನು 1500 ದಾಟಿಸಿದರೆ ಪ್ರೋಗ್ರಾಂ ಏಳುವುದೇ ಇಲ್ಲ ಎನ್ನುವವರು ‘ಸೆಟ್ಟಿಂಗ್ಸ್ – ಸಿಸ್ಟಂ – ಅಬೌಟ್’ ನೋಡಲಿ. ಅಲ್ಲಿ 64 ಬಿಟ್ ಎಂದಿದ್ದೂ ಲ್ಯಾಬಿನಲ್ಲಿ ಯಾರೋ 32 ಬಿಟ್ ಜಾವಾ ಇರುವ ಹಳೆಯ ಪ್ರತಿಯನ್ನು ಹಂಚಿದ್ದರೆ ಹೀಗಾಗುತ್ತದೆ. ‘ಹೆಲ್ಪ್ – ಅಬೌಟ್ ಇಮೇಜ್‌ಜೆ’ಯಲ್ಲಿ ಜಾವಾ ಆವೃತ್ತಿ, 64 ಬಿಟ್ ಹೌದೋ ಅಲ್ಲವೋ ಎಂಬುದು ಬರೆದಿರುತ್ತದೆ. ಮುಖ್ಯ ಕಿಟಕಿಯ ಕೆಳಗಿನ ಸ್ಟೇಟಸ್ ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಈ ಕ್ಷಣ ಎಷ್ಟು ಎಂಬಿ ಬಳಕೆಯಾಗಿದೆ ಎಂದು ಕಾಣುತ್ತದೆ, ಬೇಡದ ಮೆಮೊರಿಯೂ ಬಿಡುಗಡೆಯಾಗುತ್ತದೆ. ವಿದ್ಯಾರ್ಥಿಗಳಿಗೆ ನಾವು ಮೊದಲು ಕಲಿಸುವ ಅಭ್ಯಾಸ ಇದೇ.

ನೂರಾರು ಫೋಟೊಗಳನ್ನು ಮ್ಯಾಕ್ರೊ (ಒಂದೇ ಕೆಲಸವನ್ನು ತಾನಾಗಿ ಮತ್ತೆ ಮತ್ತೆ ಮಾಡಿಸುವ ಆಜ್ಞೆಗಳ ಪಟ್ಟಿ) ಬರೆದು ಅಳೆಯುವಾಗ ಬೀಳುವುದಕ್ಕೆ ಒಂದೇ ಸಾಲು ಕಾರಣವಾಗಿರಬಹುದು: ಲೂಪ್‌ನ, ಅಂದರೆ ಪ್ರತಿ ಸುತ್ತಿನ, ಕೊನೆಯಲ್ಲಿ ಚಿತ್ರ ಮುಚ್ಚುವ ಆಜ್ಞೆ ಇಲ್ಲ. 80 ಎಂಬಿಯ 300 ಚಿತ್ರ ತೆರೆದೇ ಇದ್ದರೆ 24 ಜಿಬಿ ಆಯಿತು. ಮೂಲ ಚಿತ್ರದ ಜೊತೆಗೆ ಥ್ರೆಶೋಲ್ಡ್ ಮಾಡಿದ (ಬೇಕಾದ ಭಾಗವನ್ನು ಬೇರ್ಪಡಿಸಿದ) ಪ್ರತಿ, ಅದರ ಕಪ್ಪುಬಿಳುಪು ಮಾಸ್ಕ್ ಎಲ್ಲವನ್ನೂ ಪ್ರತಿ ಸುತ್ತಿನಲ್ಲೂ ಮುಚ್ಚಬೇಕು. ‘ಕ್ಲೋಸ್ ಆಲ್’ ಆಜ್ಞೆ ಅದಕ್ಕೇ ಇರುವುದು. ‘ಬ್ಯಾಚ್ ಮೋಡ್’ ಆನ್ ಮಾಡಿದರೆ ಚಿತ್ರಗಳು ಪರದೆಯ ಮೇಲೆ ಮೂಡದೆ ಕೆಲಸ ಬೇಗವೂ ಮುಗಿಯುತ್ತದೆ. ಎಲೆಯ ಮೇಲಿನ ಚುಕ್ಕೆ ಶೇಕಡಾ ಎಷ್ಟು ಎಂದು ಅಳೆಯಲು 48 ಮೆಗಾಪಿಕ್ಸೆಲ್ ಬೇಕಿಲ್ಲ. 2000 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಪ್ರತಿ ಸಾಮಾನ್ಯವಾಗಿ ಸಾಕು, ಆದರೆ ಅಳತೆಗೋಲನ್ನು ‘ಸೆಟ್ ಸ್ಕೇಲ್’ನಲ್ಲಿ ಮತ್ತೆ ಹಾಕಬೇಕು. ಬಣ್ಣ ಬೇಡದ ಹಂತಕ್ಕೆ ಬಂದ ಕೂಡಲೇ 8 ಬಿಟ್‌ಗೆ ಬದಲಿಸಿದರೆ ಜಾಗ ಕಾಲುಭಾಗಕ್ಕೆ ಇಳಿಯುತ್ತದೆ. ದೊಡ್ಡ ಸ್ಟ್ಯಾಕ್ ಆದರೆ ತೆರೆಯುವಾಗ ‘ಯೂಸ್ ವರ್ಚುವಲ್ ಸ್ಟ್ಯಾಕ್’ ಗುರುತು ಹಾಕಿ. ಕಣ್ಣ ಮುಂದಿನ ಪದರ ಮಾತ್ರ ರ್ಯಾಮ್‌ಗೆ ಬರುತ್ತದೆ. ಎಚ್ಚರಿಕೆ: ವರ್ಚುವಲ್ ಸ್ಟ್ಯಾಕ್‌ನಲ್ಲಿ ಒಂದು ಪದರಕ್ಕೆ ಮಾಡಿದ ಬದಲಾವಣೆ ಮುಂದಿನ ಪದರಕ್ಕೆ ಹೋದರೆ ಉಳಿಯುವುದಿಲ್ಲ.

ಪ್ಯಾಥಾಲಜಿಯ ಪೂರ್ಣ ಸ್ಲೈಡ್ ಸ್ಕ್ಯಾನ್ ಬೇರೆಯದೇ ಲೋಕ. ಪಿಕ್ಸೆಲ್‌ಗೆ 0.25 ಮೈಕ್ರಾನ್ ಲೆಕ್ಕದಲ್ಲಿ 15 ಮಿ.ಮೀ. ಚೌಕದ ಅಂಗಾಂಶ ಎಂದರೆ 60,000 × 60,000, ಅಂದರೆ 360 ಕೋಟಿ ಪಿಕ್ಸೆಲ್. ಇಮೇಜ್‌ಜೆಯ ಒಂದು ಚಿತ್ರದಲ್ಲಿ ಹಿಡಿಸುವುದು ಹೆಚ್ಚೆಂದರೆ ಸುಮಾರು 214 ಕೋಟಿ ಪಿಕ್ಸೆಲ್. ಎಷ್ಟು ರ್ಯಾಮ್ ಹಾಕಿದರೂ ಈ ಮಿತಿ ಸರಿಯುವುದಿಲ್ಲ, ಯಾಕೆಂದರೆ ಜಾವಾದ ಒಂದು ಪಟ್ಟಿಯಲ್ಲಿ (ಅರೇ) ಹಿಡಿಸುವ ಅಂಕಿಗಳ ಮಿತಿಯೇ ಇಷ್ಟು. ಅಂಥ ಸ್ಲೈಡನ್ನು ಕ್ಯೂಪಾಥ್‌ನಲ್ಲೇ ತೆರೆಯಬೇಕು. ಅದು ಬೇಕಾದ ತುಣುಕನ್ನು ಬೇಕಾದ ಹಿಗ್ಗುವಿಕೆಯಲ್ಲಿ ಮಾತ್ರ ಓದುತ್ತದೆ. ಬೇಕಾದ ಭಾಗವನ್ನು ಗುರುತಿಸಿ, ಅಷ್ಟನ್ನೇ ಇಮೇಜ್‌ಜೆಗೆ ಕಳಿಸುವ ಸೌಲಭ್ಯವೂ ಅದರಲ್ಲಿದೆ. ಇದಕ್ಕಾಗಿ 64 ಜಿಬಿ ಯಂತ್ರಕ್ಕೆ ಕೊಟೇಶನ್ ತರಿಸುವ ಅಗತ್ಯವಿಲ್ಲ.

ಈಗ ಎರರ್ ಓದುವ ವಿಷಯ. ಜಾವಾ ತಾನೇ ಕುಸಿದಾಗ ‘ಎಚ್‌ಎಸ್ ಎರ್ ಪಿಐಡಿ’ (hs_err_pid) ಎಂದು ಶುರುವಾಗಿ ಸಂಖ್ಯೆಯಲ್ಲಿ ಮುಗಿಯುವ ಹೆಸರಿನ ಲಾಗ್ ಕಡತವನ್ನು, ಸಾಮಾನ್ಯವಾಗಿ ಆ ಪ್ರೋಗ್ರಾಂ ಫೋಲ್ಡರಿನಲ್ಲೇ, ಬರೆದಿಟ್ಟು ಹೋಗುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಉದ್ದ ನೋಡಿ ಹೆದರಬೇಡಿ, ಮೊದಲ ಹದಿನೈದು ಸಾಲು ಸಾಕು. ಮೆಮೊರಿ ಸಾಲದು ಎಂದಿದ್ದರೆ ಮೇಲಿನ ಲೆಕ್ಕಕ್ಕೆ ಹಿಂತಿರುಗಿ. ‘ಆಕ್ಸೆಸ್ ವಯಲೇಶನ್’ ಎಂದಿದ್ದರೆ ಅದರ ಕೆಳಗೆ ‘ಪ್ರಾಬ್ಲಮ್ಯಾಟಿಕ್ ಫ್ರೇಮ್’ ಎಂಬ ಸಾಲಿನಲ್ಲಿ ಒಂದು ಡಿಎಲ್‌ಎಲ್ (ಪ್ರೋಗ್ರಾಂಗಳು ಬಳಸುವ ಸಹಾಯಕ ಕಡತ) ಹೆಸರು ಇರುತ್ತದೆ. ಹೆಸರು ‘ಐಜಿ’ಯಿಂದ ಶುರುವಾಗಿದ್ದರೆ ಇಂಟೆಲ್, ‘ಎನ್‌ವಿ’ಯಿಂದ ಆದರೆ ಎನ್‌ವಿಡಿಯಾ, ‘ಎಟಿಐ’ಯಿಂದ ಆದರೆ ಎಎಂಡಿ ಗ್ರಾಫಿಕ್ಸ್ ಡ್ರೈವರ್. 3ಡಿ ವ್ಯೂವರ್ ತೆರೆದ ಕೂಡಲೇ ಬೀಳುವುದಕ್ಕೆ ಇದೇ ಕಾರಣ. ಆಯಾ ತಯಾರಕರ ಜಾಲತಾಣದಿಂದ ಹೊಸ ಡ್ರೈವರ್ ಹಾಕಿದರೆ ಮುಗಿಯಿತು, ಕಾರ್ಡ್ ಕೊಳ್ಳಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರಿನ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳಿ.

ಲಾಗ್ ಕಡತ ಸಿಗದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿ. ದಿನದ ಲೆಕ್ಕದಲ್ಲಿ ಕೆಂಪು ಗುರುತುಗಳಿರುವ ಒಂದು ನಕ್ಷೆ ಬರುತ್ತದೆ. ಕೆಂಪು ಗುರುತಿನ ಮೇಲೆ ಒತ್ತಿದರೆ ಯಾವ ಪ್ರೋಗ್ರಾಂ, ಯಾವ ಮಾಡ್ಯೂಲ್‌ನಿಂದ ಬಿತ್ತು ಎಂಬ ವಿವರ ಇರುತ್ತದೆ. ಇಷ್ಟು ಉಪಯುಕ್ತವಾದ ಪುಟವನ್ನು ರಿಪೇರಿ ಮಾಡುವವರೂ ತೆರೆದು ನೋಡುವುದಿಲ್ಲ ಎಂಬುದು ನಮಗೆ ನಿಜಕ್ಕೂ ಬೇಸರದ ಸಂಗತಿ.

‘ನೋ ಸಚ್ ಮೆಥಡ್’ ಎಂದು ಬಂದರೆ ಪ್ಲಗಿನ್ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತಿಲ್ಲ. ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್’ ಎಂದರೆ ಪ್ಲಗಿನ್ ಹೊಸ ಜಾವಾಗೆ ಬರೆದದ್ದು, ನಿಮ್ಮಲ್ಲಿರುವುದು ಹಳೆಯದು. 52 ಎಂದಿದ್ದರೆ ಜಾವಾ 8, 55 ಆದರೆ 11, 65 ಆದರೆ 21 ಬೇಕು. ಪ್ಲಗಿನ್ ಅನುಮಾನ ತೀರಿಸಿಕೊಳ್ಳಲು ಸುಲಭದ ದಾರಿ ಇದೆ. ಫಿಜಿಗೆ ಇನ್‌ಸ್ಟಾಲ್ ಎಂಬುದೇ ಇಲ್ಲ. ಅಧಿಕೃತ ತಾಣದಿಂದ ಹೊಸ ಪ್ರತಿ ಇಳಿಸಿ, ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಅದೇ ಚಿತ್ರ ಅದೇ ಮೆನು ಪ್ರಯತ್ನಿಸಿ. ಹೊಸದು ಓಡಿದರೆ ಹಳೆಯದರೊಳಗೆ ಸೇರಿಸಿದ ಪ್ಲಗಿನ್ ಒಂದು ತಪ್ಪು ಮಾಡುತ್ತಿದೆ. ಎರಡೂ ಬಿದ್ದರೆ ಪ್ಲಗಿನ್ ನಿರಪರಾಧಿ. ಬಿಚ್ಚುವಾಗ ಎರಡು ಮಾತು ನೆನಪಿರಲಿ: ಜಿಪ್ ಒಳಗಿನಿಂದಲೇ ಡಬಲ್ ಕ್ಲಿಕ್ ಮಾಡಿ ಓಡಿಸಬಾರದು, ಮತ್ತು ‘ಪ್ರೋಗ್ರಾಂ ಫೈಲ್ಸ್’ನಲ್ಲಿ ಇಡಬಾರದು. ಅಲ್ಲಿ ಬರೆಯಲು ಅನುಮತಿ ಇಲ್ಲದೆ ಅಪ್‌ಡೇಟ್ ಅರ್ಧಕ್ಕೆ ನಿಂತು ಹೊಸತು ಹಳೆಯದು ಬೆರೆತುಹೋಗುತ್ತವೆ. ಒನ್‌ಡ್ರೈವ್ ಸಿಂಕ್ ಆಗುವ ಡೆಸ್ಕ್‌ಟಾಪೂ ಒಳ್ಳೆಯ ಜಾಗವಲ್ಲ.

ಕಡತಗಳ ಕಡೆ ಬರೋಣ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡುವುದು ನಮಗೆಲ್ಲ ಇಷ್ಟವೇ. ಆದರೆ ಕೆಲವು ಕ್ಯಾಮೆರಾ ಸಾಫ್ಟ್‌ವೇರ್‌ಗಳು, ಪ್ಲಗಿನ್‌ಗಳು ಇಂಗ್ಲಿಷ್ ಅಕ್ಷರವಲ್ಲದ ಹಾದಿ ಕಂಡರೆ ಕಡತ ಇಲ್ಲವೆಂದೇ ತಿಳಿಯುತ್ತವೆ. ಆ ತೊಂದರೆ ಸಾಫ್ಟ್‌ವೇರಿನದ್ದು, ಕನ್ನಡದ್ದಲ್ಲ. ಸದ್ಯಕ್ಕೆ ಚಿತ್ರಗಳ ಫೋಲ್ಡರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಬಳಸುವುದು ಕ್ಷೇಮ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದೇ ಕಡತ ಅದಕ್ಕೆ ಹಿಡಿಸುವುದಿಲ್ಲ. ಒಳಗಿರುವುದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಿ. ಕೆಲವು ಸ್ಲೈಡ್ ಸ್ಕ್ಯಾನರ್‌ಗಳ ಕಡತಕ್ಕೆ ಜೋಡಿ ಫೋಲ್ಡರ್ ಇರುತ್ತದೆ: ‘ಎಂಆರ್‌ಎಕ್ಸ್‌ಎಸ್’ ಕಡತದ ಜೊತೆ ಅದೇ ಹೆಸರಿನ ಫೋಲ್ಡರ್, ‘ವಿಎಸ್‌ಐ’ ಕಡತದ ಜೊತೆ ಅಡಿಗೆರೆಗಳ ನಡುವೆ ಅದೇ ಹೆಸರಿರುವ ಫೋಲ್ಡರ್. ನಿಜವಾದ ಚಿತ್ರ ಇರುವುದು ಆ ಫೋಲ್ಡರಿನಲ್ಲಿ. ಕಡತವೊಂದನ್ನೇ ಕಾಪಿ ಮಾಡಿ ತಂದರೆ ತೆರೆಯುವಾಗ ಎರರ್ ಬರದೆ ಇನ್ನೇನು? ಬಂದ ಕಡತ ಪೂರ್ತಿ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಲು ವಿಂಡೋಸ್‌ನಲ್ಲೇ ‘ಸರ್ಟ್‌ಯುಟಿಲ್’ ಆಜ್ಞೆ ಇದೆ. ಎರಡೂ ಯಂತ್ರಗಳಲ್ಲಿ ಅದರಿಂದ ಹ್ಯಾಶ್ (ಕಡತದ ಬೆರಳಚ್ಚಿನಂಥ ಅಕ್ಷರಸಾಲು) ತೆಗೆದು ಹೋಲಿಸಿ. ಒಂದು ಅಕ್ಷರ ಬೇರೆಯಾದರೂ ಕಾಪಿ ಸರಿಯಿಲ್ಲ.

ಆಸ್ಪತ್ರೆಯವರಿಗೆ ಒಂದು ವಿನಂತಿ. ತೊಂದರೆ ತೋರಿಸಲೆಂದು ಡೈಕಾಮ್ (ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳ) ಕಡತವನ್ನು ಹೊರಗಿನವರಿಗೆ ಕಳಿಸುವಾಗ ಅದರೊಳಗೆ ರೋಗಿಯ ಹೆಸರು, ವಯಸ್ಸು ಬರೆದಿರುತ್ತದೆ, ಸ್ಕ್ಯಾನ್ ಮಾಡಿದ ಸ್ಲೈಡಿನ ಲೇಬಲ್ ಚಿತ್ರದಲ್ಲೂ ಇರುತ್ತದೆ. ಅಳಿಸದೆ ಕಳಿಸಬೇಡಿ.

ಹಾರ್ಡ್‌ವೇರ್ ಅನುಮಾನ ಬಂದರೆ ಕ್ರಮ ಹೀಗೆ. ಎಲ್ಲಕ್ಕಿಂತ ಮೊದಲು ಚಿತ್ರಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ನೋಡಿದಾಗ ‘ಕಾಶನ್’ ಎಂದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಆ ರ್ಯಾಮ್ ನಂಬಲರ್ಹವಲ್ಲ. ತೀರ್ಪು ಕೊಡುವ ಮುನ್ನ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ರ್ಯಾಮ್ ಕಡ್ಡಿ ತೆಗೆದು ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ, ಎರಡೂ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಆಮೇಲೆ ಒಂದೊಂದೇ ಕಡ್ಡಿ ಹಾಕಿ ಪರೀಕ್ಷಿಸಿ. ಬೇಸಿಗೆಯಲ್ಲಿ ಅರ್ಧ ಗಂಟೆ ಬ್ಯಾಚ್ ಓಡಿದ ಮೇಲೆ ಯಂತ್ರವೇ ಪಟ್ಟನೆ ಆಫ್ ಆದರೆ ಅದಕ್ಕೆ ಕಾರಣ ಶಾಖ ಇಲ್ಲವೇ ಎಸ್‌ಎಂಪಿಎಸ್ (ಯಂತ್ರದೊಳಗೆ ಕರೆಂಟ್ ಪೂರೈಸುವ ಪೆಟ್ಟಿಗೆ). ಹೀಟ್‌ಸಿಂಕಿನ ಧೂಳನ್ನು ಬ್ಲೋಯರಿನಿಂದ ತೆಗೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ತಿರುಗಲು ಬಿಡಬೇಡಿ. ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ. ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್ ಪವರ್ 41’ ಎಂದಿದ್ದರೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಎಂದರ್ಥ. ಫಿಜಿಯನ್ನು ದೂರಿ ಫಲವಿಲ್ಲ.

ಕಾಲೇಜು ಆಡಳಿತ ಮಂಡಳಿಗಳು, ವಿಭಾಗದ ಮುಖ್ಯಸ್ಥರು ಖರೀದಿ ಪಟ್ಟಿ ಬರೆಯುವಾಗ ಇದನ್ನು ಗಮನಿಸಬೇಕೆಂದು ಕೋರುತ್ತೇವೆ. ಚಿತ್ರ ವಿಶ್ಲೇಷಣೆಗೆ ಹಣ ಮೊದಲು ಹೋಗಬೇಕಾದದ್ದು ರ್ಯಾಮ್‌ಗೆ, ಆಮೇಲೆ ಎಸ್‌ಎಸ್‌ಡಿಗೆ. ನಾಲ್ಕು ಸ್ಲಾಟಿನ ಬೋರ್ಡ್ ತೆಗೆದುಕೊಂಡು 8 ಜಿಬಿಯ ಎರಡು ಕಡ್ಡಿ ಹಾಕಿದರೆ ಮುಂದೆ ಇನ್ನೆರಡು ಸೇರಿಸಬಹುದು. ಹಳೆಯ ಯಂತ್ರಕ್ಕೆ ರ್ಯಾಮ್ ಕೊಳ್ಳುವ ಮೊದಲು ಡಿಡಿಆರ್3, 4, 5 ಯಾವುದೆಂದು ನೋಡಿ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂದು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಯಂತ್ರವನ್ನು ಅವಸರದಲ್ಲಿ ಹೊಸ ವಿಂಡೋಸ್‌ಗೆ ಏರಿಸಬೇಡಿ. ಕ್ಯಾಮೆರಾದ ಡ್ರೈವರ್ ಹೊಸದರಲ್ಲಿ ಓಡುತ್ತದೆಯೇ ಎಂದು ತಯಾರಕರಿಂದ ಬರಹದಲ್ಲಿ ಪಡೆದ ಮೇಲೆ ಮುಂದುವರಿಯಿರಿ. ಅಲ್ಲಿಯವರೆಗೆ ಆ ಯಂತ್ರದಲ್ಲಿ ಚಿತ್ರ ತೆಗೆಯುವುದನ್ನಷ್ಟೇ ಮಾಡಿ, ಇಂಟರ್‌ನೆಟ್ ಕಿತ್ತಿಡಿ, ವಿಶ್ಲೇಷಣೆಗೆ ಬೇರೆ ಯಂತ್ರ ಇರಲಿ. ಫಿಜಿ, ಕ್ಯೂಪಾಥ್ ಎರಡೂ ಲಿನಕ್ಸ್‌ನಲ್ಲೂ ಓಡುತ್ತವೆ.

ಉಚಿತ ಸಾಫ್ಟ್‌ವೇರ್ ಇಷ್ಟು ಚೆನ್ನಾಗಿರುವಾಗ ದುಬಾರಿ ಸಾಫ್ಟ್‌ವೇರಿನ ಕ್ರ್ಯಾಕ್ ಪ್ರತಿ ಹಾಕಿಸುವುದು ದಯವಿಟ್ಟು ನಿಲ್ಲಲಿ. ಆಂಟಿವೈರಸ್ ಅದರ ಒಂದು ಡಿಎಲ್‌ಎಲ್ ಎತ್ತಿಟ್ಟರೆ ಪ್ರೋಗ್ರಾಂ ಏಳುವುದಿಲ್ಲ, ಎತ್ತಿಡದಿದ್ದರೆ ಇಡೀ ಲ್ಯಾಬಿನ ದತ್ತಾಂಶ ಅಪಾಯದಲ್ಲಿರುತ್ತದೆ. ಇನ್ನು ಪ್ರತಿ ಯಂತ್ರಕ್ಕೂ ಯುಪಿಎಸ್ ಬೇಕೇ ಬೇಕು. ಚಿತ್ರದ ಟಿಫ್ ಕಡತ ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಕಡತ ಅರ್ಧವಾಗುತ್ತದೆ, ಮರುದಿನ ಅದನ್ನು ತೆರೆದಾಗ ಬೀಳುವುದು ಸಾಫ್ಟ್‌ವೇರ್. ಸಾಮಾನ್ಯ ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಕೆಲವು ನಿಮಿಷ ಕೊಡುತ್ತದೆ, ಉಳಿಸಿ ಮುಚ್ಚಲು ಅಷ್ಟು ಸಾಕು. ಬ್ಯಾಟರಿ ವರ್ಷಗಳು ಕಳೆದಂತೆ ಸೊರಗುತ್ತದೆ, ಹಾಗಾಗಿ ಮೂರು ತಿಂಗಳಿಗೊಮ್ಮೆ ಎಲ್ಲ ಕಡತ ಮುಚ್ಚಿಕೊಂಡು ಗೋಡೆಯ ಸ್ವಿಚ್ ಆರಿಸಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿ, ಆ ನಿಮಿಷಗಳನ್ನು ಯುಪಿಎಸ್ ಮೇಲೆಯೇ ಚೀಟಿ ಅಂಟಿಸಿ ಬರೆಯಿರಿ. ಲೇಸರ್ ಪ್ರಿಂಟರನ್ನು ಮಾತ್ರ ಅದೇ ಯುಪಿಎಸ್‌ಗೆ ಜೋಡಿಸಬೇಡಿ.

– ಕಾಲೇಜು ಪ್ರಯೋಗಾಲಯಗಳ ಇಮೇಜಿಂಗ್ ತಂತ್ರಜ್ಞರು, ದಾವಣಗೆರೆ